ನೀರಿನಡಿ ಜಿಪಿಎಸ್ ಸಿಗದಿದ್ದರೆ ಸಬ್‌ಮೆರೀನ್‌ಗೆ ದಾರಿ ಹೇಗೆ ಗೊತ್ತಾಗುತ್ತದೆ?

ನೀವು ಕೇಳಿದ್ದು ಇದು: “ನಮ್ಮ ಹಾಸನದ ಎಂಸಿಎಫ್‌ನಿಂದ (ಉಪಗ್ರಹ ನಿಯಂತ್ರಣ ಕೇಂದ್ರ) ನೌಕಾಪಡೆಯ ಉಪಗ್ರಹವನ್ನೂ ನೋಡಿಕೊಳ್ಳುತ್ತಾರಂತೆ. ಹಾಗಾದರೆ ಸಮುದ್ರದೊಳಗಿನ ಸಬ್‌ಮೆರೀನ್‌ಗೂ ಆಕಾಶದಿಂದಲೇ ದಾರಿ ತೋರಿಸಬಹುದಲ್ಲವೇ? ಕಿಟಕಿಯೇ ಇಲ್ಲದ ಹಡಗು ಕತ್ತಲಲ್ಲಿ ಹೇಗೆ ಹೋಗುತ್ತದೆ? ತಳ ಸೇರದೆ ಒಂದೇ ಆಳದಲ್ಲಿ ಹೇಗೆ ನಿಲ್ಲುತ್ತದೆ?”

ಉಪಗ್ರಹದ ವಿಷಯಕ್ಕೆ ಉತ್ತರ ಚಿಕ್ಕದು: ಆಗುವುದಿಲ್ಲ. 2013ರ ಆಗಸ್ಟ್ 30ರಂದು ಉಡಾವಣೆಯಾದ ಜಿಸ್ಯಾಟ್-7 ನೌಕಾಪಡೆಯ ಸಂಪರ್ಕಕ್ಕೆಂದೇ ಮಾಡಿದ ಉಪಗ್ರಹ, ಅದರ ನಿಯಂತ್ರಣವನ್ನು ವಹಿಸಿಕೊಂಡದ್ದು ನಮ್ಮ ಎಂಸಿಎಫ್, ಎರಡೂ ನಿಜ. ಆದರೆ ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಹಾಗಾಗಿ ಅದು ರೇಡಿಯೊ ಅಲೆಯನ್ನು ನುಂಗಿಬಿಡುತ್ತದೆ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಇರಲಿ, ದಾರಿ ತೋರಿಸುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ 1176.45 ಮೆಗಾಹರ್ಟ್ಸ್ ಇರಲಿ, ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಕೆಳಗೆ ಏನೂ ಉಳಿಯುವುದಿಲ್ಲ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಅಲೆ ಆಳಕ್ಕೆ ಇಳಿಯುತ್ತದೆ. 20 ಕಿಲೋಹರ್ಟ್ಸ್ ಆಸುಪಾಸಿನ ವಿಎಲ್‌ಎಫ್ (ಅತಿ ಕಡಿಮೆ ಫ್ರೀಕ್ವೆನ್ಸಿಯ) ಅಲೆ ಹತ್ತಿಪ್ಪತ್ತು ಮೀಟರ್‌ವರೆಗೂ ಸಿಗುತ್ತದೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರ ಇರುವುದು ಇದಕ್ಕಾಗಿ. ಅಲ್ಲಿಂದ ಬರುವುದು ನಿಧಾನವಾದ, ಒಂದೇ ದಿಕ್ಕಿನ ಸಂದೇಶ. ಸಬ್‌ಮೆರೀನ್ ಅದನ್ನು ಕೇಳಿಸಿಕೊಳ್ಳಬಹುದೇ ಹೊರತು ಅದೇ ದಾರಿಯಲ್ಲಿ ಉತ್ತರಿಸಲಾಗದು. ತಾನು ಎಲ್ಲಿದ್ದೇನೆಂಬ ಲೆಕ್ಕವನ್ನು ಅದು ತಾನೇ ಇಟ್ಟುಕೊಳ್ಳಬೇಕು.

ಹಾಸನದಲ್ಲಿ ಸಕಲೇಶಪುರದ ಬಸ್ ಹತ್ತಿ ಕಣ್ಣು ಮುಚ್ಚಿ ಕೂತಿದ್ದೀರಿ ಅಂದುಕೊಳ್ಳಿ. ಬಸ್ ಹೊರಟಾಗ ಬೆನ್ನು ಸೀಟಿಗೆ ಒತ್ತುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತೀರಿ, ತಿರುವಿನಲ್ಲಿ ಪಕ್ಕಕ್ಕೆ. ಪ್ರತಿ ಒತ್ತಡ ಎಷ್ಟು, ಎಷ್ಟು ಹೊತ್ತು, ಯಾವ ದಿಕ್ಕಿಗೆ ಎಂದು ಚಾಚೂ ತಪ್ಪದೆ ಬರೆದಿಟ್ಟರೆ ಬಸ್ ಎಲ್ಲಿದೆಯೆಂದು ಕಣ್ಣು ತೆರೆಯದೆಯೇ ಹೇಳಬಹುದು. ಸಬ್‌ಮೆರೀನ್‌ನ ಇನರ್ಷಿಯಲ್ ನ್ಯಾವಿಗೇಷನ್ ಸಿಸ್ಟಮ್ ಮಾಡುವುದು ಇದನ್ನೇ. ಅದರಲ್ಲಿ ವೇಗದ ಬದಲಾವಣೆ ಅಳೆಯಲು ಮೂರು ದಿಕ್ಕಿಗೆ ಮೂರು ಆಕ್ಸೆಲರೋಮೀಟರ್, ತಿರುವು ಅಳೆಯಲು ಮೂರು ಗೈರೋ. ಈಗ ಹೆಚ್ಚಾಗಿ ಲೇಸರ್ ಬೆಳಕಿನಿಂದ ತಿರುವು ಅಳೆಯುವ ರಿಂಗ್ ಲೇಸರ್ ಗೈರೋ. ವೇಗ ಬದಲಾದದ್ದನ್ನು ಕೂಡುತ್ತ ಹೋದರೆ ವೇಗ ಸಿಗುತ್ತದೆ, ವೇಗವನ್ನು ಕೂಡುತ್ತ ಹೋದರೆ ದೂರ. 1958ರಲ್ಲಿ ಅಮೆರಿಕದ ನಾಟಿಲಸ್ ಉತ್ತರ ಧ್ರುವದ ಹಿಮದಡಿ ಹಾದುಹೋದದ್ದೂ ಇಂಥ ಯಂತ್ರವನ್ನು ನಂಬಿಯೇ.

ತೊಂದರೆಯೂ ಈ ಕೂಡುವಿಕೆಯಲ್ಲೇ ಇದೆ. ಮೂಲದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದೂ ಜೊತೆಗೇ ಕೂಡುತ್ತ ಹೋಗುತ್ತದೆ. ಗೈರೋ ಗಂಟೆಗೆ 0.01 ಡಿಗ್ರಿ ಸರಿದರೆ ಭೂಮಿಯ ಮೇಲೆ ಅದು 0.6 ನಾಟಿಕಲ್ ಮೈಲಿ, ಅಂದರೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು. ಅದರ ಹತ್ತು ಪಟ್ಟು ಒಳ್ಳೆಯ ಗೈರೋ ಹಾಕಿದರೂ ದಿನಕ್ಕೆ 1.4 ನಾಟಿಕಲ್ ಮೈಲಿ. ಆಕ್ಸೆಲರೋಮೀಟರ್ ತಪ್ಪು ಮಾತ್ರ ಹೀಗೆ ಮಿತಿಯಿಲ್ಲದೆ ಬೆಳೆಯುವುದಿಲ್ಲ. ಭೂಮಿ ದುಂಡಗಿರುವುದರಿಂದ, ಗುರುತ್ವದ ದಿಕ್ಕಿಗೆ ಹೊಂದಿಸಿದ ಯಂತ್ರದಲ್ಲಿ ಆ ತಪ್ಪು ಸುಮಾರು 84 ನಿಮಿಷಕ್ಕೊಮ್ಮೆ ತೂಗುಯ್ಯಾಲೆಯಂತೆ ಅತ್ತಿತ್ತ ಓಲಾಡುತ್ತದೆ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿ ಇದು.

ಇದಕ್ಕೆ ಜೊತೆಯಾಗಿ ದಿಕ್ಕು ತೋರಿಸುವ ಗೈರೋ ಕಂಪಾಸ್ ಮತ್ತು ವೇಗ ಅಳೆಯುವ ಲಾಗ್ ಇರುತ್ತವೆ. ವಿದ್ಯುತ್ಕಾಂತೀಯ ಲಾಗ್ ಹೇಳುವುದು ನೀರಿಗೆ ಹೋಲಿಸಿದ ವೇಗವನ್ನು, ನೆಲಕ್ಕೆ ಹೋಲಿಸಿದ್ದನ್ನಲ್ಲ. ನೀರೇ ಗಂಟೆಗೆ ಒಂದು ನಾಟಿಕಲ್ ಮೈಲಿ ಹರಿಯುತ್ತಿದ್ದರೆ ಲಾಗ್‌ಗೆ ಅದು ತಿಳಿಯುವುದೇ ಇಲ್ಲ. ಒಂದು ದಿನ ಲೆಕ್ಕಕ್ಕೆ ಹಿಡಿಯದಿದ್ದರೆ 24 ಮೈಲಿ ತಪ್ಪು. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುತ್ತದೆ, ಹಾಗಾಗಿ ಹಳೆಯ ಪ್ರಯಾಣದ ಅಂದಾಜನ್ನು ಇನ್ನೊಂದು ಋತುವಿಗೆ ಹಾಗೇ ಬಳಸುವಂತಿಲ್ಲ.

ಆದ್ದರಿಂದ ನಕ್ಷೆಯ ಮೇಲೆ ಹಡಗನ್ನು ಚುಕ್ಕಿಯಾಗಿ ಮಾತ್ರ ಗುರುತಿಸಿದರೆ ಸಾಲದು. ಆ ಚುಕ್ಕಿಯ ಸುತ್ತ ಒಂದು ವೃತ್ತ ಬೇಕು: “ಈ ಹೊತ್ತಿಗೆ ನಾವು ಇದರೊಳಗೆ ಎಲ್ಲಾದರೂ ಇರಬಹುದು” ಎಂದು. ಗಂಟೆ ಕಳೆದಂತೆ ಆ ವೃತ್ತವನ್ನು ದೊಡ್ಡದು ಮಾಡುತ್ತ ಹೋಗಬೇಕು. ಮುಂದೆ ದಿಬ್ಬ ಇದೆಯೇ, ಆಳ ಸಾಕೇ ಎಂದು ನೋಡುವಾಗ ಚುಕ್ಕಿಯಿಂದ ಅಳೆಯಕೂಡದು, ವೃತ್ತದ ಅತಿ ಕೆಟ್ಟ ಅಂಚಿನಿಂದ ಅಳೆಯಬೇಕು. ನಿಮ್ಮ ಪ್ರಶ್ನೆಯ ತಿರುಳು ಇದೇ ಎಂದು ನನ್ನ ಅನಿಸಿಕೆ. ತನಗೆ ಎಷ್ಟು ತಿಳಿಯದು ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳುವ ಸಬ್‌ಮೆರೀನ್ ಕಣ್ಣಿಲ್ಲದೆಯೂ ಸುರಕ್ಷಿತವಾಗಿ ಹೋಗುತ್ತದೆ.

ನಕ್ಷೆಗೂ ಇದೇ ಮಾತು. 2005ರ ಜನವರಿ 8ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸಬ್‌ಮೆರೀನ್ ಗುವಾಮ್ ದ್ವೀಪದ ಆಚೆ ಸುಮಾರು 160 ಮೀಟರ್ ಆಳದಲ್ಲಿ ಪೂರ್ಣ ವೇಗದಲ್ಲಿ ಹೋಗುತ್ತ ಸಮುದ್ರದೊಳಗಿನ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ಸತ್ತ, ಹತ್ತಾರು ಜನ ಗಾಯಗೊಂಡರು. ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟ ಇರಲಿಲ್ಲ. ಆದರೆ ಹಡಗಿನಲ್ಲೇ ಇದ್ದ ಬೇರೆ ನಕ್ಷೆಗಳಲ್ಲಿ ಆ ಜಾಗದಲ್ಲಿ ಅಪಾಯವಿರಬಹುದೆಂಬ ಗುರುತು ಇತ್ತು. ಮಳೆಗಾಲದ ಮೋಡ ಕವಿದಾಗ ಹತ್ತಿರದಲ್ಲೇ ಇರುವ ಮುಳ್ಳಯ್ಯನಗಿರಿ ಕಾಣದೆ ಹೋಗುತ್ತದಲ್ಲ, ಸಮುದ್ರದಡಿಯ ಬೆಟ್ಟ ಯಾವಾಗಲೂ ಹಾಗೆ. “ಮುಂದಕ್ಕೆ ಸೋನಾರ್ ಹಾಕಿ ನೋಡಬಹುದಲ್ಲ?” ಅನ್ನಬಹುದು. ಸೋನಾರ್ ಎಂದರೆ ಸದ್ದಿನಿಂದ ಪತ್ತೆ ಹಚ್ಚುವ ಯಂತ್ರ. ತಾನೇ ಸದ್ದು ಹೊರಡಿಸುವ ಸಕ್ರಿಯ ಸೋನಾರ್ ಕೂಗು ಹಾಕಿದಂತೆ, ತನಗೆ ಪ್ರತಿಧ್ವನಿ ಬರುವ ಮೊದಲೇ ಸುತ್ತಲಿನವರಿಗೆಲ್ಲ ತನ್ನ ಜಾಗ ತಿಳಿಸುತ್ತದೆ. ಆದ್ದರಿಂದ ಸಬ್‌ಮೆರೀನ್ ಹೆಚ್ಚಿನ ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ಅನ್ನು ನೇರ ಕೆಳಕ್ಕೆ, ಬೇಕಾದಾಗ ಮಾತ್ರ ಒಂದೆರಡು ಸಲ ಬಾರಿಸಿ ತಳದ ಆಳವನ್ನು ನಕ್ಷೆಯ ಜೊತೆ ತಾಳೆ ನೋಡುವುದುಂಟು.

ವೃತ್ತ ತೀರಾ ದೊಡ್ಡದಾದಾಗ ಪೆರಿಸ್ಕೋಪ್ ಆಳಕ್ಕೆ ಬಂದು, ಆಂಟೆನಾ ಎತ್ತಿ, ಉಪಗ್ರಹದಿಂದ ಸ್ಥಾನ ಪಡೆದು ಮತ್ತೆ ಇಳಿಯಬೇಕು. ಮೇಲೆ ಬರುವ ಆ ಕೆಲವು ನಿಮಿಷವೇ ಇಡೀ ಪ್ರಯಾಣದಲ್ಲಿ ಹೆಚ್ಚು ಅಪಾಯದ್ದು. ತನ್ನದೇ ಪ್ರೊಪೆಲರ್ ಸದ್ದಿನಿಂದ ಹಿಂಬದಿ ಕಿವುಡಾಗಿರುತ್ತದೆ, ಹಾಗಾಗಿ ಮೊದಲು ದಿಕ್ಕು ತಿರುಗಿಸಿ ಹಿಂದೆಯೂ ಕೇಳಿಸಿಕೊಳ್ಳಬೇಕು. ಬರೀ ಕೇಳುವ ಸೋನಾರ್ ಸದ್ದಿನ ದಿಕ್ಕನ್ನು ಹೇಳುತ್ತದೆ, ದೂರವನ್ನಲ್ಲ. ದೂರ ಬೇಕಾದರೆ ತಾನೇ ದಾರಿ ಬದಲಿಸಿ, ದಿಕ್ಕು ಹೇಗೆ ಸರಿಯುತ್ತದೆಂದು ನೋಡಿ ಲೆಕ್ಕ ಹಾಕಬೇಕು. ಮೇಲ್ಪದರದ ಬಿಸಿನೀರು ಮತ್ತು ಕೆಳಗಿನ ತಣ್ಣೀರಿನ ಗಡಿಯಲ್ಲಿ ಸದ್ದು ಬಾಗುವುದರಿಂದ ಕೆಳಗಿದ್ದವರಿಗೆ ಮೇಲಿನ ಹಡಗು ಕೇಳಿಸದೇ ಹೋಗಬಹುದು. ಎಂಜಿನ್ ಆರಿಸಿ ಬಲೆ ಬಿಟ್ಟು ನಿಂತ ದೋಣಿಯಂತೂ ಸದ್ದೇ ಮಾಡುವುದಿಲ್ಲ. 2024ರ ನವೆಂಬರ್‌ನಲ್ಲಿ ಗೋವಾದಿಂದ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ ನಮ್ಮ ನೌಕಾಪಡೆಯ ಸಬ್‌ಮೆರೀನ್ ಮತ್ತು ಮೀನುಗಾರಿಕಾ ದೋಣಿಯ ನಡುವೆ ಡಿಕ್ಕಿಯಾಗಿ ಇಬ್ಬರು ಮೀನುಗಾರರು ಜೀವ ಕಳೆದುಕೊಂಡರು. ದೋಣಿಗಳು ದಟ್ಟವಾಗಿರುವ ನಮ್ಮ ಕರಾವಳಿಯಲ್ಲಿ ಮೇಲೇಳುವ ಮುನ್ನ ಎಷ್ಟು ಕೇಳಿಸಿಕೊಂಡರೂ ಕಡಿಮೆಯೇ.

ಈಗ ಆಳದ ಪ್ರಶ್ನೆ. ಬಹಳ ಜನ ಬ್ಯಾಲಸ್ಟ್ ಟ್ಯಾಂಕ್‌ಗೆ ಒಂದಿಷ್ಟು ನೀರು ತುಂಬಿ ಇಳಿಯುತ್ತಾರೆ, ಒಂದಿಷ್ಟು ಬಿಟ್ಟು ಏರುತ್ತಾರೆ ಅಂದುಕೊಂಡಿರುತ್ತಾರೆ. ಹಾಗಲ್ಲ. ಮುಳುಗಿದ ಮೇಲೆ ಮುಖ್ಯ ಬ್ಯಾಲಸ್ಟ್ ಟ್ಯಾಂಕ್‌ಗಳು ಪೂರ್ತಿ ತುಂಬಿಯೇ ಇರುತ್ತವೆ. ಅವುಗಳ ಮೇಲಿನ ವೆಂಟ್ ತೆರೆದರೆ ಗಾಳಿ ಹೊರಗೆ, ಕೆಳಗಿನಿಂದ ನೀರು ಒಳಗೆ, ಅಷ್ಟೇ. ಆಮೇಲಿನ ಕುಸುರಿ ಕೆಲಸ ಸಣ್ಣ ಟ್ಯಾಂಕ್‌ಗಳದ್ದು: ಮುಂದೆ ಹಿಂದೆ ಟ್ರಿಮ್ ಟ್ಯಾಂಕ್, ನಡುವೆ ಕಾಂಪೆನ್ಸೇಟಿಂಗ್ ಟ್ಯಾಂಕ್. ಹಡಗಿನ ತೂಕ ಅದು ಸರಿಸಿದ ನೀರಿನ ತೂಕಕ್ಕೆ ಸಮ ಇರಬೇಕು. ಅದನ್ನು ಹೊಂದಿಸುವುದು ಹೀಗೆ. ವೇಗವನ್ನು ಮೂರು ನಾಲ್ಕು ನಾಟ್‌ಗೆ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಇಳಿಸುತ್ತಾರೆ. ಆಳ ಬದಲಾಗದಿರಲು ಹೈಡ್ರೋಪ್ಲೇನ್ ಎಂಬ ಅಡ್ಡ ರೆಕ್ಕೆಗಳನ್ನು ಸದಾ ಮೇಲ್ಮುಖವಾಗಿ ಹಿಡಿಯಬೇಕಾಗಿ ಬಂದರೆ ಹಡಗು ಭಾರವಾಗಿದೆ, ನಡುವಿನ ಟ್ಯಾಂಕ್‌ನಿಂದ ನೀರು ಹೊರಹಾಕಬೇಕು. ಮೂತಿ ಕೆಳಗಾದರೆ ಮುಂದಿನ ಟ್ರಿಮ್ ಟ್ಯಾಂಕ್‌ನಿಂದ ಹಿಂದಿನದಕ್ಕೆ ನೀರು ದಾಟಿಸಬೇಕು. ವೇಗ ಹೆಚ್ಚಿದ್ದಾಗ ರೆಕ್ಕೆಗಳು ಈ ತಪ್ಪನ್ನು ಮುಚ್ಚಿಬಿಡುತ್ತವೆ, ಅದಕ್ಕೇ ನಿಧಾನವಾಗಿ ಹೋಗುತ್ತ ಪರೀಕ್ಷಿಸುವುದು.

ತೂಕವೂ ಒಂದೇ ರೀತಿ ಇರುವುದಿಲ್ಲ. 70 ಕಿಲೋದ ಹತ್ತು ಜನ ಊಟಕ್ಕೆಂದು ಹಿಂದಿನಿಂದ ಮುಂದಕ್ಕೆ ನಡೆದರೂ ಮೂತಿ ಬಾಗುತ್ತದೆ. ಹಲವು ಡೀಸೆಲ್ ಸಬ್‌ಮೆರೀನ್‌ಗಳಲ್ಲಿ ಖರ್ಚಾದ ಡೀಸೆಲ್ ಜಾಗಕ್ಕೆ ಸಮುದ್ರದ ನೀರು ಬರುತ್ತದೆ. ಸಾವಿರ ಲೀಟರ್ ಡೀಸೆಲ್ ಸುಮಾರು 850 ಕಿಲೋ, ಅಷ್ಟೇ ಉಪ್ಪುನೀರು 1,025 ಕಿಲೋ. ಹೀಗಾಗಿ ಇಂಧನ ಉರಿದಷ್ಟೂ ಹಡಗು ಭಾರವಾಗುತ್ತದೆ! ಇನ್ನು ನೀರಿನ ಉಪ್ಪು. ಮುಳುಗಿದಾಗ ಸುಮಾರು 1,775 ಟನ್ ತೂಗುವ, ನಮ್ಮ ನೌಕಾಪಡೆಯ ಕಲ್ವರಿ ವರ್ಗದ ಸಬ್‌ಮೆರೀನ್ ಕಾರವಾರದ ಆಚೆ ಸಮತೂಕದಲ್ಲಿದೆ ಎನ್ನಿ. ಅದನ್ನು ಹಾಗೇ ತಂದು ಗೊರೂರಿನ ಹೇಮಾವತಿ ಜಲಾಶಯದಲ್ಲಿ ಬಿಟ್ಟರೆ 43 ಟನ್ ಹೆಚ್ಚಿನ ಭಾರದಿಂದ ತಳ ಸೇರುತ್ತದೆ. ಇದು ಬರೀ ಲೆಕ್ಕದ ಮಾತಲ್ಲ. ಸಕಲೇಶಪುರದ ಪಡುವಣ ಇಳಿಜಾರಿನಲ್ಲಿ ಸುರಿದ ಮಳೆ ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದಲ್ಲ, ಅಂಥ ಎಲ್ಲ ಹೊಳೆಗಳಿಂದ ಮುಂಗಾರಿನಲ್ಲಿ ದಡದ ಹತ್ತಿರದ ಮೇಲ್ಪದರ ಸಪ್ಪೆಯಾಗುತ್ತದೆ. ಅಲ್ಲಿ ಟ್ರಿಮ್, ಅಂದರೆ ತೂಕದ ಹೊಂದಾಣಿಕೆ, ಮತ್ತೆ ನೋಡಲೇಬೇಕು.

ಆಳ ಹೆಚ್ಚಿದಂತೆ ಇನ್ನೊಂದು ಕಾಟ: ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಏರಿ ಉಕ್ಕಿನ ದೇಹ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದರೆ ತೇಲುವ ಬಲ ಕಡಿಮೆ, ಆಗ ಇನ್ನೂ ಇಳಿಯುತ್ತದೆ, ಇನ್ನೂ ಕುಗ್ಗುತ್ತದೆ. 300 ಮೀಟರ್‌ನಲ್ಲಿ 5 ಸೆಂಟಿಮೀಟರ್ ಅಗಲದ ಕೊಳವೆ ಒಡೆದರೆ ನಿಮಿಷಕ್ಕೆ ಸುಮಾರು 5 ಟನ್ ನೀರು ಒಳಗೆ ನುಗ್ಗುತ್ತದೆ. ಆ ಆಳದಲ್ಲಿ ಬ್ಯಾಲಸ್ಟ್ ಟ್ಯಾಂಕ್‌ನ ಒಂದು ಘನ ಮೀಟರ್ ನೀರು ತಳ್ಳಲು ಮೇಲ್ಮೈಯ 31 ಘನ ಮೀಟರ್ ಗಾಳಿ ಬೇಕು, ಅದಕ್ಕೇ ಬಾಟಲಿಗಳಲ್ಲಿ ಗಾಳಿಯನ್ನು ಭಾರೀ ಒತ್ತಡದಲ್ಲಿ ತುಂಬಿಟ್ಟಿರುತ್ತಾರೆ. ಆ ಗಾಳಿ ಒಣಗಿರಬೇಕು. 1963ರ ಏಪ್ರಿಲ್ 10ರಂದು ಅಮೆರಿಕದ ಥ್ರೆಷರ್ 129 ಜನರೊಡನೆ ಮುಳುಗಿದ ಮೇಲೆ ಅದೇ ಬಗೆಯ ಇನ್ನೊಂದು ಹಡಗಿನಲ್ಲಿ ಪರೀಕ್ಷಿಸಿದರು. ರಭಸದಿಂದ ಹೊರಟ ಗಾಳಿ ತಣ್ಣಗಾಗಿ, ಅದರಲ್ಲಿದ್ದ ತೇವ ಜಾಲರಿಯಲ್ಲಿ ಮಂಜುಗಡ್ಡೆ ಕಟ್ಟಿ ದಾರಿಯನ್ನೇ ಮುಚ್ಚಿತು. ಹಿಂಬದಿ ರೆಕ್ಕೆ ಕೆಳಮುಖವಾಗಿ ಸಿಕ್ಕಿಕೊಂಡರೆ ಬೇರೆಯದೇ ಗಂಡಾಂತರ: 20 ನಾಟ್ ವೇಗ, 20 ಡಿಗ್ರಿ ಓರೆ ಇದ್ದರೆ ಅರ್ಧ ನಿಮಿಷದಲ್ಲಿ 100 ಮೀಟರ್ ಇಳಿದಿರುತ್ತದೆ. ಆದ್ದರಿಂದ ಆಳದಲ್ಲಿ ವೇಗಕ್ಕೂ ವೇಗದಲ್ಲಿ ಆಳಕ್ಕೂ ಕಟ್ಟುನಿಟ್ಟಾದ ಮಿತಿ ಇರುತ್ತದೆ.

 

ಈ ಸಮತೂಕ ಎಷ್ಟು ನಾಜೂಕೆಂದು ಮನೆಯಲ್ಲೇ ನೋಡಬಹುದು. ಮೇಲ್ತುದಿ ಮುಚ್ಚಿರುವ ಪೆನ್ ಕ್ಯಾಪ್ ತೆಗೆದುಕೊಂಡು ಅಂಚಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ. ಒಳಗೆ ಗಾಳಿ ಉಳಿದಿರಲಿ, ಬಾಯಿ ಕೆಳಗಾಗಿ ನೀರಿನಲ್ಲಿ ತುದಿ ಮಾತ್ರ ಕಾಣುವಂತೆ ತೇಲಲಿ. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಕಂಠದವರೆಗೆ ನೀರು ತುಂಬಿ, ಕ್ಯಾಪನ್ನು ಅದರೊಳಗೆ ಹಾಕಿ ಮುಚ್ಚಳ ಬಿಗಿಯಿರಿ. ಬಾಟಲಿ ಹಿಸುಕಿದರೆ ಕ್ಯಾಪ್‌ನೊಳಗಿನ ಗಾಳಿ ಕುಗ್ಗಿ ಅದು ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಈಗ ಅದನ್ನು ಬಾಟಲಿಯ ನಟ್ಟನಡುವೆ ಹತ್ತು ಸೆಕೆಂಡ್ ನಿಲ್ಲಿಸಲು ನೋಡಿ. ಬೆರಳಿನ ಒತ್ತಡವನ್ನು ಕ್ಷಣಕ್ಷಣವೂ ತಿದ್ದುತ್ತಲೇ ಇರಬೇಕಾಗುತ್ತದೆ. ಆಮೇಲೆ ಅದೇ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ ಮತ್ತೆ ಮಾಡಿ. ಸಮುದ್ರದ ನೀರಿನಲ್ಲಿ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಇಳಿಸಲು ಮೊದಲಿಗಿಂತ ಎಷ್ಟು ಜೋರಾಗಿ ಹಿಸುಕಬೇಕೆಂದು ಕೈಗೇ ಗೊತ್ತಾಗುತ್ತದೆ.