ಆಪರೇಷನ್ ಹೊಲಿಗೆ ಪಕ್ಕ ಉಬ್ಬು ಬಂದರೆ ಯಾವ ಬೆಲ್ಟ್ ಒಳ್ಳೆಯದು?

ಅಮ್ಮನಿಗೆ ಗರ್ಭಕೋಶ ತೆಗೆಸಿ 8 ತಿಂಗಳಾಗಿದೆ, ಹೊಲಿಗೆ ಪಕ್ಕ ಉಬ್ಬು ಬಂದಿದೆ, ಯಾವ ಬೆಲ್ಟ್ ತರಲಿ ಅಂತ ಕೇಳಿದ್ದೀರಿ. ಯಾವುದೂ ತರಬೇಡಿ. ಮೊದಲು ಸರ್ಜನ್‌ಗೆ ತೋರಿಸಿ.

ನನಗೂ ಅದೇ ಆಪರೇಷನ್. ಹೊಕ್ಕುಳ ಕೆಳಗೆ ಉದ್ದಕ್ಕೆ ಕೊಯ್ದಿದ್ದರು. ಗಾಯ ಕೀವಾಗಿ 3 ವಾರ ಡ್ರೆಸ್ಸಿಂಗ್ ಆಯಿತು. ಮೇಲೆ ಚರ್ಮ ಕೂಡಿಕೊಂಡಿತು, ಒಳಗಿನ ಗಟ್ಟಿ ಪದರ ಸರಿಯಾಗಿ ಕೂಡಿರಲಿಲ್ಲ. ಅದು ನನಗೆ ಹೇಗೆ ಗೊತ್ತಾಗಬೇಕು? ಆರೇಳು ತಿಂಗಳಿಗೆ ನಿಂಬೆಹಣ್ಣಿನಷ್ಟು ಉಬ್ಬು. ಬಟ್ಟೆ ಒಗೆದು ಎದ್ದರೆ, ಕೆಮ್ಮಿದರೆ ಮುಂದೆ ಬರುತ್ತಿತ್ತು, ಮಲಗಿದರೆ ಮಾಯ. ನೋವೂ ಇಲ್ಲ. ಬೊಜ್ಜು ಅಷ್ಟೇ ಅಂದರು ನಮ್ಮ ಅತ್ತಿಗೆ.

ನಾನು ಮಾಡಿದ ತಪ್ಪು ಕೇಳಿ. ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಮಲಗಿಸಿ ಒತ್ತಿ ನೋಡಿದರು. ಮಲಗಿದರೆ ಅದು ಒಳಗೆ ಹೋಗಿಬಿಡುತ್ತೆ ಅಲ್ವಾ, ಕೈಗೆ ಏನು ಸಿಗುತ್ತೆ? ಗ್ಯಾಸ್ ಇರಬೇಕು ಅಂದರು. 'ಸಾರ್, ನಿಂತಾಗ ಮಾತ್ರ ಬರುತ್ತೆ' ಅಂತ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಸೆರಗು ಸರಿಸಿಕೊಂಡು ಗಂಡಸರ ಮುಂದೆ ನಿಂತು ಕೆಮ್ಮೋದಕ್ಕೆ ನಾಚಿಕೆ, ಅದೂ ಅಲ್ಲದೆ ಏನೂ ಇಲ್ಲ ಅಂದಿದ್ದು ಕೇಳಿ ಒಳಗೊಳಗೇ ಖುಷಿಯಾಗಿತ್ತು, ಸುಮ್ನೆ ಯಾಕೆ ಕೆದಕೋದು ಅಂತ ಸೀದಾ ಎದ್ದು ಬಂದೆ. ಬರುವಾಗ ಮೆಡಿಕಲ್ ಶಾಪ್‌ನಲ್ಲಿ ಬೆಲ್ಟ್ ತಗೊಂಡೆ.

2 ವರ್ಷ ಅದನ್ನೇ ಕಟ್ಟಿಕೊಂಡು ನೀರು ಹೊತ್ತೆ, ಅಕ್ಕಿ ಮೂಟೆ ಎಳೆದೆ. ಬೆಲ್ಟ್ ಉಬ್ಬನ್ನು ಒಳಗೆ ಒತ್ತಿ ಹಿಡಿಯುತ್ತೆ ಅಷ್ಟೇ, ತೂತು ಮುಚ್ಚಲ್ಲ. ನಂದು ತೆಂಗಿನಕಾಯಿಯಷ್ಟಾಯಿತು.

ಆಮೇಲೆ ಸಿಕ್ಕ ಸರ್ಜನ್ ಮೇಡಂ ನಿಲ್ಲಿಸಿ, ಗಾಯದ ಮೇಲೆ ಕೈ ಇಟ್ಟು 'ಕೆಮ್ಮಿ' ಅಂದರು. ಅಷ್ಟಕ್ಕೇ ಗೊತ್ತಾಯಿತು. ಇನ್ಸಿಷನಲ್ ಹರ್ನಿಯಾ ಅಂತೆ, ಹಳೇ ಹೊಲಿಗೆ ಸಡಿಲವಾದ ಕಡೆಯಿಂದ ಕರುಳು ಚರ್ಮದ ಕೆಳಗೆ ಬಂದು ಕೂರೋದು. ಗಾಯ ಕೀವಾದವರಿಗೆ, ದಪ್ಪ ಇರುವವರಿಗೆ, ಶುಗರ್, ಕೆಮ್ಮು, ಮಲಬದ್ಧತೆ ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಜಾಸ್ತಿ. ನನಗೆ ಶುಗರ್ ಹತೋಟಿಗೆ ಬಂದು, 6 ಕೆ.ಜಿ. ಇಳಿದ ಮೇಲೆಯೇ ಆಪರೇಷನ್. ಒಳಗೆ ಮೆಶ್ ಇಟ್ಟರು, ಸೊಳ್ಳೆ ಪರದೆ ತರಹದ ಬಲೆ. ಮತ್ತೆ ಉದ್ದಕ್ಕೆ ಕೊಯ್ದೇ ಮಾಡಿದ್ದು. ಚಿಕ್ಕದಿದ್ದಾಗಲೇ ಬಂದಿದ್ದರೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುತ್ತಾ ಮಾಡುವ ಆಪರೇಷನ್‌ನಲ್ಲಿ, ಮುಗಿಸಬಹುದಿತ್ತು ಅಂದರು, ಅದು ಇವತ್ತಿಗೂ ಹೊಟ್ಟೆ ಉರಿಸುತ್ತೆ. (ಆಪರೇಷನ್ ಆದ ಮೇಲೆ ಅವರೇ ಬೆಲ್ಟ್ ಕಟ್ಟಿಸಿದರು. ಆ ಬೆಲ್ಟ್ ಬೇರೆ ಲೆಕ್ಕ.)

ಎಲ್ಲರಿಗೂ ಆಪರೇಷನ್ ಬೇಕು ಅಂತಲ್ಲ. ಅದನ್ನು ಸರ್ಜನ್ ಹೇಳಲಿ, ಅಂಗಡಿಯವರಲ್ಲ. ನೀವು ಜೊತೆಗೆ ಒಳಗೆ ಹೋಗಿ. ಅಮ್ಮ ನಾಚಿಕೊಂಡರೆ ನೀವೇ ಹೇಳಿ, ನಿಲ್ಲಿಸಿ ಕೆಮ್ಮಿಸಿ ನೋಡಿ ಅಂತ.

ಅಷ್ಟರೊಳಗೆ ಉಬ್ಬು ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ನೋವು ಶುರುವಾದರೆ, ವಾಂತಿ ಆದರೆ, ಗ್ಯಾಸು ಮೋಷನ್ನು ನಿಂತುಹೋದರೆ, ಅಥವಾ ಮೇಲಿನ ಚರ್ಮ ಕೆಂಪಗಾದರೆ, ಅದನ್ನು ಕೈಯಿಂದ ಒತ್ತಿ ಒಳಗೆ ತಳ್ಳಲು ಹೋಗಬೇಡಿ. ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗದಿದ್ದರೆ ಕೊಳೆಯುತ್ತೆ. ರಾತ್ರಿ 2 ಗಂಟೆಯಾದರೂ ಸರಿ, ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೇ ನೇರ ಹೋಗಿ.