ಎಲ್ಬ್‌ಫಿಲ್‌ಹಾರ್ಮೊನಿಗೆ ಮನೆಮಂದಿಯೆಲ್ಲ ಹೊರಟಾಗ

ಪ್ರಶ್ನೆ: ಕೆಲಸದ ನಿಮಿತ್ತ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೇವೆ. ಮೈಸೂರಿನಿಂದ ಅತ್ತೆ-ಮಾವ ಬರುತ್ತಿದ್ದಾರೆ. ಮಾವನಿಗೆ ಮಂಡಿನೋವು. ಮಗಳಿಗೆ ಐದು ವರ್ಷ, ಮಗನಿಗೆ ಹನ್ನೊಂದು. ಇಲ್ಲಿನ ಸಂಗೀತ ಸಭಾಂಗಣ ಎಲ್ಬ್‌ಫಿಲ್‌ಹಾರ್ಮೊನಿಯಲ್ಲಿ ಕಟ್ಟಡ ನೋಡುವುದು, ಸಂಗೀತ ಕಚೇರಿ ಕೇಳುವುದು ಎರಡನ್ನೂ ಒಂದೇ ಸಂಜೆ ಮುಗಿಸಬಹುದೇ?

ಉತ್ತರ: ಮುಗಿಸಬಹುದು, ಆದರೆ ಬೇಡ. ಹಗಲಲ್ಲೊಮ್ಮೆ ಎಲ್ಲರೂ ಹೋಗಿ ಕಟ್ಟಡ ನೋಡಿ ಬನ್ನಿ. ಕಚೇರಿ ಇನ್ನೊಂದು ದಿನಕ್ಕಿರಲಿ. ಸಂಜೆ ಎಂಟಕ್ಕೆ ಶುರುವಾಗುವ ವಾದ್ಯವೃಂದದ ಕಾರ್ಯಕ್ರಮ ವಿರಾಮವೂ ಸೇರಿ ಎರಡು ಗಂಟೆಯಷ್ಟು ನಡೆಯುತ್ತದೆ. ಅಷ್ಟು ಹೊತ್ತು ಐದರ ಮಗುವನ್ನು ಕೂರಿಸುವುದು ಮಗುವಿಗೂ ಕಷ್ಟ, ಪಕ್ಕದವರಿಗೂ ಕಷ್ಟ. ಅವಳಿಗೆ ವಯಸ್ಸು ನಮೂದಿಸಿರುವ ಮಕ್ಕಳ ಕಚೇರಿಗಳಿವೆ. ಅವು ಚಿಕ್ಕವು, ಮಕ್ಕಳು ಮಾತಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೆ ಅವಳನ್ನೂ ಅಜ್ಜಿಯನ್ನೂ ಕಳಿಸಿ. ಹನ್ನೊಂದರ ಹುಡುಗ ದೊಡ್ಡವರ ಜೊತೆ ಕೂರಬಲ್ಲ.

ಹಗಲಿನ ಭೇಟಿಗೆ ಯು3 ಮೆಟ್ರೋದಲ್ಲಿ ಬೌಮ್‌ವಾಲ್ ನಿಲ್ದಾಣದಲ್ಲಿಳಿದು ಸ್ವಲ್ಪ ನಡೆಯಬೇಕು. ಮಕ್ಕಳಿಗೆ ಖುಷಿಯಾಗಬೇಕೆಂದರೆ ಲಾಂಡುಂಗ್ಸ್‌ಬ್ರುಕನ್ ದೋಣಿಗಟ್ಟೆಯಿಂದ 72ನೇ ನಂಬರಿನ ದೋಣಿ ಹಿಡಿಯಿರಿ. ಕಟ್ಟಡದ ಬುಡದಲ್ಲೇ ಇಳಿಸುತ್ತದೆ. ಕೆಳಗಿನ ಇಟ್ಟಿಗೆಯ ಭಾಗ 1960ರ ದಶಕದ ಹಳೆಯ ಗೋದಾಮು. ಕೋಕೋ, ಚಹಾ, ತಂಬಾಕು ತುಂಬಿಡುತ್ತಿದ್ದ ಜಾಗ. ಅದರ ತಲೆಯ ಮೇಲೆ ಹೆರ್ಜೋಗ್ ಮತ್ತು ದ ಮ್ಯೂರೋನ್ ವಾಸ್ತುಶಿಲ್ಪಿಗಳ ಗಾಜಿನ ಕಟ್ಟಡ ಕೂತಿದೆ. 2017ರ ಜನವರಿ 11ರಂದು ಉದ್ಘಾಟನೆಯಾಯಿತು. ಎರಡೂ ಸೇರುವ ಕಡೆ, 37 ಮೀಟರ್ ಎತ್ತರದಲ್ಲಿ, ಪ್ಲಾಜಾ ಎಂಬ ಜಗಲಿ. ಸುತ್ತಲೂ ಬಂದರು ಕಾಣುತ್ತದೆ. ಗಾಳಿ ಜೋರು, ಬೇಸಿಗೆಯಲ್ಲೂ ಅತ್ತೆಯವರ ಕೈಯಲ್ಲೊಂದು ಸ್ವೆಟರ್ ಇರಲಿ.

ಅಲ್ಲಿಗೆ ಒಯ್ಯುವ ಎಸ್ಕಲೇಟರ್ 80 ಮೀಟರಿಗೂ ಉದ್ದ. ನಡುವೆ ಬಾಗಿರುವುದರಿಂದ ಕೆಳಗೆ ನಿಂತವರಿಗೆ ತುದಿ ಕಾಣದು. ಎರಡೂವರೆ ನಿಮಿಷದ ಪ್ರಯಾಣ. ತಲೆಸುತ್ತು ಬರುವವರು, ಮಂಡಿ ಕೈಕೊಟ್ಟವರು, ಮಗುವಿನ ಗಾಡಿ ತಂದವರು ಲಿಫ್ಟ್ ಕೇಳಿ ಹತ್ತಬೇಕು. ಕೇಳದಿದ್ದರೆ ಜನರ ಜೊತೆ ಎಸ್ಕಲೇಟರಿಗೇ ಸೇರಿಕೊಳ್ಳುತ್ತೀರಿ.

ಬಹಳಷ್ಟು ಜನ ಎಡವುವುದು ಒಂದು ಕಡೆ: ಪ್ಲಾಜಾ ಟಿಕೆಟ್ ಇದ್ದ ಮಾತ್ರಕ್ಕೆ ಸಭಾಂಗಣದೊಳಕ್ಕೆ ಬಿಡುವುದಿಲ್ಲ. ಒಳಗೆ ನೋಡಬೇಕೆಂದರೆ ಮಾರ್ಗದರ್ಶಿ ಜೊತೆಗಿನ ಸುತ್ತು ಬೇಕು. ಅದರಲ್ಲೂ ಆ ಹೊತ್ತಿಗೆ ತಾಲೀಮು ನಡೆಯುತ್ತಿದ್ದರೆ ದೊಡ್ಡ ಸಭಾಂಗಣ ತೋರಿಸದೇ ಇರಬಹುದು.

ಪ್ರಶ್ನೆ: ವೇದಿಕೆಯ ಹಿಂದಿನ ಆಸನಗಳು ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳಬಹುದೇ?

ಉತ್ತರ: ಏನು ಕೇಳಲು ಹೋಗುತ್ತೀರಿ ಎಂಬುದರ ಮೇಲಿದೆ. ಇಲ್ಲಿ ವೇದಿಕೆ ನಡುವೆ, 2,100 ಆಸನಗಳು ದ್ರಾಕ್ಷಿತೋಟದ ಮೆಟ್ಟಿಲುಗಳಂತೆ ಸುತ್ತಲೂ ಏರುತ್ತವೆ. ಯಾವ ಕುರ್ಚಿಯೂ ವಾದ್ಯವೃಂದದ ನಿರ್ದೇಶಕರಿಂದ 30 ಮೀಟರಿಗಿಂತ ದೂರವಿಲ್ಲ. ಬರೀ ವಾದ್ಯಗಳಿದ್ದರೆ ಹಿಂದಿನ ಆಸನ ಕೊಳ್ಳಿ. ನಿರ್ದೇಶಕರ ಮುಖ, ಕಣ್ಸನ್ನೆ ನೇರ ಕಾಣುತ್ತದೆ, ತಾಳವಾದ್ಯದವರು ಕಾಲಡಿಯಲ್ಲೇ ಇರುತ್ತಾರೆ. ನಿಮ್ಮ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದೇ ನಮ್ಮ ಅಭಿಪ್ರಾಯ.

ಗಾಯಕರಿದ್ದರೆ ಮಾತ್ರ ಬೇಡ. ಇಲ್ಲಿ ಮೈಕ್ ಇಲ್ಲದೆ ಹಾಡುತ್ತಾರೆ, ಕಂಠದ ದನಿ ಬಾಯಿ ತಿರುಗಿದ ಕಡೆಗೇ ಹೆಚ್ಚು ಹೋಗುತ್ತದೆ. 2019ರ ಜನವರಿಯಲ್ಲಿ ಖ್ಯಾತ ಗಾಯಕ ಯೋನಾಸ್ ಕಾಫ್‌ಮನ್ ಅವರು ಸಂಗೀತ ಸಂಯೋಜಕ ಮಾಹ್ಲರ್ ಅವರ ಕೃತಿಯೊಂದನ್ನು ಹಾಡುತ್ತಿದ್ದಾಗ, ಹಿಂದೆ ಕೂತ ಕೆಲವರು 'ಕೇಳಿಸುತ್ತಿಲ್ಲ' ಎಂದು ನಡುವೆಯೇ ಕೂಗಿದ್ದು ಸುದ್ದಿಯಾಗಿತ್ತು. ಪಿಯಾನೋ ಕಚೇರಿಗೂ ಹಿಂಭಾಗ ಸಲ್ಲದು. ತೆರೆದ ಮುಚ್ಚಳ ದನಿಯನ್ನು ಎದುರಿನವರತ್ತ ತಳ್ಳುತ್ತದೆ.

ಮಂಡಿನೋವಿದ್ದವರಿಗೆ ಇನ್ನೊಂದು ಮಾತು. ದೊಡ್ಡ ಸಭಾಂಗಣ ಹಲವು ಮಹಡಿಗಳಲ್ಲಿ ಹರಡಿದೆ, ಹೊರಗಿನ ಪಡಸಾಲೆಯ ತುಂಬ ಮೆಟ್ಟಿಲು. ಟಿಕೆಟ್ ಕೊಳ್ಳುವಾಗಲೇ ಮೆಟ್ಟಿಲು ಕಡಿಮೆ ಇರುವ ವಿಭಾಗ ಯಾವುದೆಂದು ಫೋನಿನಲ್ಲಿ ವಿಚಾರಿಸಿ. ಟಿಕೆಟ್ಟಿನ ಮೇಲೆ ಮಹಡಿ, ವಿಭಾಗದ ಅಕ್ಷರ, ಸಾಲು, ಆಸನ ಹೀಗೆ ನಾಲ್ಕು ವಿವರ ಇರುತ್ತದೆ. ಮಹಡಿ ತಪ್ಪಿದರೆ ಮತ್ತೆ ಇಳಿದು ಹತ್ತಬೇಕಾದೀತು. ಮುಕ್ಕಾಲು ಗಂಟೆ ಮೊದಲೇ ಬನ್ನಿ. ತಡವಾದರೆ ಒಂದು ಕೃತಿ ಮುಗಿಯುವವರೆಗೆ ಹೊರಗೇ ನಿಲ್ಲಿಸುತ್ತಾರೆ.

ಪ್ರಶ್ನೆ: ಉಡುಪಿನ ಕಟ್ಟುಪಾಡು ಇದೆಯೇ? ಚಪ್ಪಾಳೆ ಯಾವಾಗ ತಟ್ಟಬೇಕು?

ಉತ್ತರ: ಉಡುಪಿಗೆ ಕಟ್ಟುಪಾಡಿಲ್ಲ, ಸೀರೆ, ಜೀನ್ಸ್ ಎರಡೂ ನಡೆಯುತ್ತದೆ. ಗಾಜಿನ ಬಳೆ ಮಾತ್ರ ಬೇಡ. ಗೋಡೆ, ಚಾವಣಿಗೆ ಸುಮಾರು 10,000 ಜಿಪ್ಸಂ ಹಲಗೆ ಹೊದಿಸಿದ್ದಾರೆ. ಒಂದರಂತೆ ಇನ್ನೊಂದಿಲ್ಲ, ಮೈಮೇಲೆಲ್ಲ ತಗ್ಗು ಕೊರೆದು ದನಿ ಒಂದೇ ಕಡೆ ಪುಟಿಯದೆ ಚದುರುವಂತೆ ಮಾಡಿದ್ದಾರೆ. ಧ್ವನಿತಜ್ಞ ಯಾಸುಹಿಸಾ ಟೊಯೋಟಾ ಅವರ ಕೆಲಸ ಇದು. ಹೊರಗಿನ ಹಡಗಿನ ಸದ್ದು ಒಳಬರದಂತೆ ಇಡೀ ಸಭಾಂಗಣವನ್ನು 362 ಸ್ಪ್ರಿಂಗ್ ಜೋಡಣೆಗಳ ಮೇಲೆ ಕೂರಿಸಲಾಗಿದೆ. ಇಷ್ಟು ನಿಶ್ಶಬ್ದದಲ್ಲಿ ಬಳೆಯ ಕಿಣಿಕಿಣಿ, ಪೆಪ್ಪರ್‌ಮೆಂಟ್ ಕಾಗದ ಬಿಚ್ಚುವ ಸರಸರ ಹಲವು ಸಾಲು ದಾಟಿ ಕೇಳಿಸುತ್ತದೆ. ಕೆಮ್ಮಿದ್ದವರು ಕಾಗದ ಬಿಚ್ಚಿದ ಗುಳಿಗೆಯನ್ನು ಮೊದಲೇ ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳಿ. ನಮ್ಮ ಕಚೇರಿಗಳಲ್ಲಿ ತೊಡೆ ತಟ್ಟಿ ತಾಳ ಹಾಕುವುದು, 'ಭಲೇ' ಎನ್ನುವುದು ರಸಿಕತೆ. ಮಾವನವರಿಗೆ ಆ ಅಭ್ಯಾಸವಿದ್ದರೆ ಮೊದಲೇ ಮೆಲ್ಲಗೆ ಹೇಳಿಡಿ.

ಸಿಂಫನಿ ಎಂದರೆ ವಾದ್ಯವೃಂದದ ದೀರ್ಘ ಕೃತಿ, ಅದಕ್ಕೆ ಸಾಮಾನ್ಯವಾಗಿ ನಾಲ್ಕು ಭಾಗ. ಒಂದು ಭಾಗ ಮುಗಿದು ಸಂಗೀತ ನಿಂತಾಗ ಚಪ್ಪಾಳೆ ತಟ್ಟುವುದಿಲ್ಲ. ನಿರ್ದೇಶಕರು ಕೈ ಪೂರ್ತಿ ಇಳಿಸಿದ ಮೇಲೆ, ಉಳಿದವರು ಶುರುಮಾಡಿದ ಮೇಲೆ ತಟ್ಟಿ.

ಪ್ರಶ್ನೆ: ತಂದೆಗೆ ಶ್ರವಣಸಾಧನವಿದೆ. ಕೇಳಿಸೀತೇ?

ಉತ್ತರ: ಕೇಳಿಸುತ್ತದೆ. ಆದರೆ ಮಾತಿಗೆಂದು ಹೊಂದಿಸಿದ ಸಾಧನ ಸಂಗೀತದ ಏರಿಳಿತವನ್ನು ಚಪ್ಪಟೆ ಮಾಡುತ್ತದೆ. ಊರು ಬಿಡುವ ಮೊದಲು ಶ್ರವಣತಜ್ಞರ ಬಳಿ ಸಂಗೀತದ ಸೆಟ್ಟಿಂಗ್ ಹಾಕಿಸಿ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಿದ್ದರೆ ಸಾಧನ ಸಿಳ್ಳೆ ಹಾಕುತ್ತದೆ. ಹಾಕಿಕೊಂಡವರಿಗೆ ಅದು ಗೊತ್ತೇ ಆಗದಿರಬಹುದು, ಪಕ್ಕದಲ್ಲಿ ನೀವು ಕೂತು ಗಮನಿಸಿ. ಹೊಸ ಬ್ಯಾಟರಿ ಜೇಬಿನಲ್ಲಿರಲಿ.