ಸಂಪಾದಕರ ಉತ್ತರ: ಹವಳಕ್ಕೂ ಐದು ಪೈಸೆ

ಬಸವನಗುಡಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಹವಳದ ದಿಬ್ಬಗಳ ಅಂಚೆ ಚೀಟಿಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಚಿತ್ರಗಳು ಚೆನ್ನಾಗಿವೆ, ಒಪ್ಪಿದೆ. ಆದರೆ ಚೀಟಿ ಹೊರಡಿಸಿದರೆ ಹವಳ ಉಳಿಯುತ್ತದೆಯೇ? ಬೆಂಗಳೂರಿನಲ್ಲಿ ಕೂತ ನಮಗೂ ಅದಕ್ಕೂ ಏನು ನಂಟು? ಹವಳಕ್ಕೆ ಕಾನೂನಿನ ರಕ್ಷಣೆ ಇದೆ ಎಂದಿದ್ದೀರಿ. ಹಾಗಾದರೆ ನನ್ನ ಬೆರಳಿನ ಹವಳದ ಉಂಗುರದ ಗತಿ ಏನು? ಆ ಚೀಟಿಗಳು ಎಲ್ಲಿ ಸಿಗುತ್ತವೆ ಎಂದೂ ತಿಳಿಸಿ."

ಪ್ರಿಯರೇ,

ಉಂಗುರದ ವಿಷಯ ಮೊದಲು ಮುಗಿಸೋಣ. ಮಂಗಳ ಗ್ರಹಕ್ಕೆ ಅಂತ ಹಾಕಿಕೊಳ್ಳುವ ಕೆಂಪು ಹವಳ ಬೇರೆ ಜಾತಿ. ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಬೆಳಕು ಕಡಿಮೆ ಇರುವ ಬಂಡೆಗಳ ಸಂದಿಯಲ್ಲಿ ಬೆಳೆಯುತ್ತದೆ, ದಿಬ್ಬ ಕಟ್ಟುವುದಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವುದು ದಿಬ್ಬ ಕಟ್ಟುವ ಹವಳ, ಕಪ್ಪು ಹವಳ ಮತ್ತು ಅದರ ಇನ್ನು ಕೆಲವು ನೆಂಟರು. ಹುಲಿ, ಆನೆಗಳಿರುವ ಪಟ್ಟಿಯೇ ಅದು. ಹಾಗಾಗಿ ಉಂಗುರ ಬಿಚ್ಚಬೇಕಾಗಿಲ್ಲ. ಅದು ನಿಜವಾದ ಹವಳವೋ ಪ್ಲಾಸ್ಟಿಕ್ಕೋ ಎಂದು ಮಾತ್ರ ಒಮ್ಮೆ ನೋಡಿಸಿ! ಆದರೆ ಅಂಡಮಾನ್ ಪ್ರವಾಸದಿಂದ ನೆನಪಿಗೆ ಅಂತ ಬಿಳಿ ಹವಳದ ತುಂಡು ತಂದು ಷೋಕೇಸ್‌ನಲ್ಲಿಟ್ಟರೆ ಅದು ಅಪರಾಧ. ದಂಡೆಯಲ್ಲಿ ಸುಮ್ನೆ ಬಿದ್ದಿತ್ತು ಎಂದರೂ ಕೇಳುವುದಿಲ್ಲ.

ಈಗ ದೊಡ್ಡ ಪ್ರಶ್ನೆ. ಚೀಟಿಯಿಂದ ಹವಳ ಉಳಿಯುತ್ತಾ? ಇಲ್ಲ. ಆದರೆ ನಿಮ್ಮ ಪ್ರಶ್ನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಕಾನೂನಿನಿಂದಾದರೂ ಉಳಿಯುತ್ತಾ?

ನಮ್ಮ ಅಂಚೆ ಇಲಾಖೆ 2001ರಲ್ಲಿ ಭಾರತದ ಹವಳಗಳ ನಾಲ್ಕು ಚೀಟಿ ಹೊರಡಿಸಿತು. ಹವಳ ಆ ರಕ್ಷಣೆಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಅದಕ್ಕೂ ಮೊದಲೇ ಕಛ್ ಕೊಲ್ಲಿಯಲ್ಲಿ, ಅಂಡಮಾನಿನ ವಂಡೂರಿನಲ್ಲಿ, ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಕಡಲ ರಾಷ್ಟ್ರೀಯ ಉದ್ಯಾನಗಳು ಬಂದಿದ್ದವು. ಇದರಿಂದ ಲಾಭ ಆಗಿಲ್ಲ ಎನ್ನುವಂತಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ಎಷ್ಟೋ ವರ್ಷ ಹವಳವನ್ನು ಹಾರೆಯಿಂದ ಮೀಟಿ, ದೋಣಿಗೆ ತುಂಬಿ, ಸುಣ್ಣಕ್ಕೂ ಸಿಮೆಂಟಿಗೂ ಸಾಗಿಸುತ್ತಿದ್ದರು. ಆ ಕೆಲಸ ನಿಂತಿದೆ. ಹಾರೆಯನ್ನು ಕಾನೂನು ತಡೆಯಬಲ್ಲದು.

ಬಿಸಿಯನ್ನು ತಡೆಯಲಾರದು. ತೊಂದರೆ ಇರುವುದು ಇಲ್ಲಿ. ಹವಳ ಅಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಸೇರಿ ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಲ್ಲಿ ಆಹಾರ ತಯಾರಿಸಿ ಬಾಡಿಗೆ ಕಟ್ಟುತ್ತದೆ. ಹವಳದ ಬಹುಪಾಲು ಊಟ ಅದೇ. ಬಣ್ಣವೂ ಹೆಚ್ಚಾಗಿ ಅದರಿಂದಲೇ. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಬೆಳ್ಳಗಾಗುತ್ತದೆ. ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸ್ ಬಂದು ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ಹಸಿವಿನಿಂದ ಸಾಯುತ್ತದೆ.

ಲಕ್ಷದ್ವೀಪದಲ್ಲಿ 1998ರಲ್ಲಿ ಹೀಗಾಯಿತು. 2010ರಲ್ಲಿ, 2016ರಲ್ಲಿ ಮತ್ತೆ ಆಯಿತು. 2024ರಲ್ಲಿ ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದೆ ಎಂದು ವರದಿ ಮಾಡಿದರು. ಒಂದು ಪೆಟ್ಟಿನಿಂದ ಏಳುವ ಹೊತ್ತಿಗೆ ಇನ್ನೊಂದು ಪೆಟ್ಟು. ಚೀಟಿಯ ಮೇಲೆ ಮಾತ್ರ ಹವಳ ಯಾವಾಗಲೂ ಬಣ್ಣಬಣ್ಣ. ಇದು ನನ್ನ ತಕರಾರು. ನಾಲ್ಕು ಚೀಟಿಗಳಲ್ಲಿ ಒಂದರಲ್ಲಾದರೂ ಬಿಳಿಚಿದ ಹವಳ ಇರಲಿ. ಅಂಚೆ ಇಲಾಖೆಗೆ ಇದು ಇಷ್ಟ ಆಗಲಿಕ್ಕಿಲ್ಲ ಬಿಡಿ.

ನಂಟಿನ ಬಗ್ಗೆ ಕೇಳಿದಿರಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಹಿಂದೆ ಅವು ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದರ ಜೊತೆಗೇ ಕಂಪನಿಯ ಪಾಲಾದವು. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗು) ಅಲ್ಲಿಗೆ ತರಕಾರಿ, ದಿನಸಿ, ಜಲ್ಲಿ ಹೋಗುವ ರೂಢಿ ಇದೆ. ಆ ದ್ವೀಪಗಳ ನೆಲವೇ ಹವಳದ ಮರಳು. ಬಾವಿಯ ಸಿಹಿನೀರು ನಿಂತಿರುವುದು ಆ ಮರಳಿನೊಳಗೆ. ಅಲೆಯ ಹೊಡೆತವನ್ನು ಮೊದಲು ತಿನ್ನುವುದು ಹೊರಗಿನ ದಿಬ್ಬ. ಅಲ್ಲಿನವರು ಗಾಳ ಹಾಕಿ ಟ್ಯೂನಾ ಹಿಡಿಯುತ್ತಾರೆ. ಅದಕ್ಕೆ ಎರಚುವ ಸಣ್ಣ ಮೀನು ಸಿಗುವುದು ಹವಳದ ಸುತ್ತಲಿನ ತಿಳಿನೀರಿನಲ್ಲಿ. ಹವಳ ಹೋದರೆ ಎರೆಮೀನು ಹೋಗುತ್ತದೆ, ಆಮೇಲೆ ಟ್ಯೂನಾ ಹಿಡಿಯುವುದು ಹೇಗೆ?

ಹಾಗಾದರೆ ಚೀಟಿ ಯಾವ ಕೆಲಸಕ್ಕೆ ಬರುತ್ತದೆ? ದುಡ್ಡು ಎತ್ತುವ ಕೆಲಸಕ್ಕೆ. ನಿಮ್ಮ ವಯಸ್ಸು ಗೊತ್ತಿಲ್ಲ, ಆದರೆ ಮನೆಯ ಹಿರಿಯರನ್ನು ಕೇಳಿ ನೋಡಿ. 1971ರ ನವೆಂಬರಿನಿಂದ ಕಾಗದಕ್ಕೆ ಮಾಮೂಲಿ ಸ್ಟಾಂಪಿನ ಜೊತೆ ಇನ್ನೊಂದು ಐದು ಪೈಸೆಯ ಸ್ಟಾಂಪು ಅಂಟಿಸಬೇಕಿತ್ತು. ಬಾಂಗ್ಲಾದಿಂದ ಬಂದ ನಿರಾಶ್ರಿತರ ನೆರವಿಗೆ. 1973ರ ಮಾರ್ಚ್ ಕೊನೆಯವರೆಗೂ ಅದು ನಡೆಯಿತು. ಅಮೆರಿಕದಲ್ಲಿ 2011ರಲ್ಲಿ ಹುಲಿಮರಿಯ ಚಿತ್ರದ ಒಂದು ಚೀಟಿ ಬಂತು. ಅಂಚೆ ದರಕ್ಕಿಂತ ಸ್ವಲ್ಪ ಜಾಸ್ತಿ ಬೆಲೆ. ಆ ಜಾಸ್ತಿ ದುಡ್ಡು ಹುಲಿ, ಆನೆ, ಘೇಂಡಾಮೃಗ, ಕಡಲಾಮೆಗಳ ರಕ್ಷಣೆಗೆ. ಕಡ್ಡಾಯ ಇರಲಿಲ್ಲ, ಬೇಕಾದವರು ಕೊಂಡರು.

ಹವಳಕ್ಕೂ ಹಾಗೇ ಮಾಡಲಿ ಎನ್ನುವುದು ನನ್ನ ಮಾತು. ಈಗ ಕಾಗದ ಬರೆಯುವವರು ಎಷ್ಟು ಮಂದಿ ಎಂದು ನೀವು ಕೇಳುತ್ತೀರಿ. ನಿಜ, ಕಡಿಮೆ. ಆದರೆ ಚೀಟಿ ಸಂಗ್ರಹಿಸುವವರು ಇದ್ದಾರೆ. ಮಿನಿಯೇಚರ್ ಶೀಟ್ (ಚೀಟಿಗಳನ್ನು ಅಲಂಕಾರದ ಅಂಚಿನೊಳಗೆ ಅಚ್ಚು ಹಾಕಿದ ಸಣ್ಣ ಹಾಳೆ) ಕೊಂಡು ಆಲ್ಬಮ್ಮಿಗೆ ಸೇರಿಸುವವರು ಇನ್ನೆರಡು ರೂಪಾಯಿಗೆ ಮುಖ ತಿರುಗಿಸುವುದಿಲ್ಲ. ಅಂಟಿಸದ ಚೀಟಿಯಿಂದ ಅಂಚೆ ಇಲಾಖೆಗೆ ಕಾಗದ ಸಾಗಿಸುವ ಖರ್ಚೂ ಇಲ್ಲ, ಅಲ್ವಾ?

ಇನ್ನೊಂದು ಆಸೆ. ಅಮೆರಿಕ 1980ರಲ್ಲಿ ಹೊರಡಿಸಿದ ನಾಲ್ಕು ಹವಳದ ಚೀಟಿಗಳಲ್ಲಿ ಹವಳದ ಜಾತಿಯ ಜೊತೆ ಜಾಗದ ಹೆಸರೂ ಇದೆ: ಫ್ಲಾರಿಡಾ, ಹವಾಯಿ, ವರ್ಜಿನ್ ದ್ವೀಪ, ಸಮೋವಾ. ನಮ್ಮಲ್ಲೂ ಒಂದು ಚೀಟಿಯ ಮೇಲೆ ನೇತ್ರಾಣಿ ಅಂತ ಬರಲಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಅದರ ಬುಡದಲ್ಲಿ ಹವಳ ಇದೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಜಾಗ. ಈಗ ವಾರಾಂತ್ಯಕ್ಕೆ ಬೆಂಗಳೂರಿನ ಹುಡುಗರು ಬಸ್ ಹತ್ತಿ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬರುತ್ತಾರೆ. ಹೊಸ ಚೀಟಿಗೆ ಯಾರು ಬೇಕಾದರೂ ಅಂಚೆ ಇಲಾಖೆಗೆ ವಿಷಯ ಸೂಚಿಸಬಹುದು. ನಿಮ್ಮ ಕೈಬರಹ ಚೆನ್ನಾಗಿದೆ. ಅರ್ಜಿ ನೀವು ಬರೆಯಿರಿ, ಪತ್ರಿಕೆಯ ಪರವಾಗಿ ನಾನೂ ಸಹಿ ಹಾಕುತ್ತೇನೆ.

ಚೀಟಿ ಸಿಗುವ ಜಾಗ: 2001ರವು ಈಗ ಕೌಂಟರಿನಲ್ಲಿ ಇರುವುದಿಲ್ಲ. ಸ್ಮರಣಾರ್ಥ ಚೀಟಿಗಳನ್ನು ಒಂದು ಸಲ ಅಚ್ಚು ಹಾಕುತ್ತಾರೆ, ಮುಗಿದರೆ ಮುಗಿಯಿತು. ಹಳೇ ಸ್ಟಾಂಪು ಮಾರುವವರನ್ನು ಕೇಳಬೇಕು. ಹೊಸದಾಗಿ ಬರುವವು ಜಿಪಿಓದಲ್ಲಿರುವ (ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ) ಫಿಲಾಟಲಿ ಬ್ಯೂರೋದಲ್ಲಿ, ಅಂದರೆ ಚೀಟಿ ಸಂಗ್ರಹಿಸುವವರ ವಿಭಾಗದಲ್ಲಿ, ಸಿಗುತ್ತವೆ. ಅಲ್ಲೇ ಮುಂಗಡ ದುಡ್ಡು ಕಟ್ಟಿ ಠೇವಣಿ ಖಾತೆ ತೆರೆದರೆ ಮನೆಗೇ ಕಳಿಸುತ್ತಾರೆ. ಮುದ್ರೆ ಬೀಳದ ಸೆಟ್‌ಗೆ ಬೆಲೆ ಜಾಸ್ತಿ ಹೇಳುತ್ತಾರೆ. ನೋಡಿ ಖುಷಿಪಡುವುದಕ್ಕೆ ಮಾತ್ರವಾದರೆ ಮುದ್ರೆ ಬಿದ್ದದ್ದೇ ಸಾಕು.

– ಸಂ.